ಹಗುರ ವಿಮಾನದ ಪರದೆಯಲ್ಲಿ ಬಿಸಿಯ ಚಿತ್ರ: ಚಿತ್ರದುರ್ಗ ಜಿಲ್ಲೆಯ ನೆಲೆಯಿಂದ ಒಂದು ಚಾರಿತ್ರಿಕ ಅವಲೋಕನ

ಚಿತ್ರದುರ್ಗ ಜಿಲ್ಲೆಯ ಇತಿಹಾಸವೆಂದೊಡನೆ ಬ್ರಹ್ಮಗಿರಿಯ ಅಶೋಕನ ಶಾಸನಗಳು, ಚಂದ್ರವಳ್ಳಿಯ ಉತ್ಖನನಗಳು, ದುರ್ಗದ ನಾಯಕ ಅರಸರು, ಹರತಿ ಹಾಗೂ ಮತ್ತೋಡಿನ ಪಾಳೆಯಗಾರ ಮನೆತನಗಳು ವಿದ್ವಾಂಸರ ಗಮನವನ್ನು ಸೆಳೆಯುತ್ತವೆ. ಈ ಕ್ಷೇತ್ರಗಳಲ್ಲಿ ನಡೆದಿರುವ ಅಧ್ಯಯನಗಳ ಸಂಖ್ಯೆಯೂ ಗಣನೀಯವಾಗಿದೆ. ಆದರೆ ಇದೇ ಜಿಲ್ಲೆಯ ತಾಂತ್ರಿಕ ಇತಿಹಾಸ, ಅದರಲ್ಲಿಯೂ ಕಳೆದ ನಾಲ್ಕು ದಶಕಗಳ ಇತಿಹಾಸ, ಇನ್ನೂ ಸಂಶೋಧಕರ ಕೈಗೆ ಸಿಕ್ಕಿಲ್ಲವೆಂದೇ ಹೇಳಬೇಕು. ಪ್ರಸ್ತುತ ಲೇಖನದಲ್ಲಿ ಅಂತಹ ಒಂದು ಸಣ್ಣ ಎಳೆಯನ್ನು ಹಿಡಿದು ನೋಡುವ ಪ್ರಯತ್ನ ಮಾಡಲಾಗಿದೆ. ಹವ್ಯಾಸಿಗಳು ಸ್ವತಃ ಕಟ್ಟಿಕೊಳ್ಳಬಹುದಾದ ಹಗುರ ವಿಮಾನಕ್ಕೆ ಬಿಸಿಯನ್ನು ಕಾಣುವ ಥರ್ಮಲ್ ಕ್ಯಾಮೆರಾವನ್ನು ಜೋಡಿಸಿ, ಅದರ ಚಿತ್ರವನ್ನು ಕಾಕ್‌ಪಿಟ್ಟಿನ ಪರದೆಯ ಮೇಲೆ ಮೂಡಿಸುವ ವಿದ್ಯೆಯೇ ಆ ಎಳೆ.

ಇಂತಹ ವಿಷಯಕ್ಕೂ ಬಯಲುಸೀಮೆಯ ಈ ಜಿಲ್ಲೆಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜ. ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ರೂಪಿಸಿದ ಒಂದು ವಿಮಾನದ ವಿನ್ಯಾಸ ಬೆಂಗಳೂರಿನ ಪ್ರಯೋಗಾಲಯಕ್ಕೆ ಬಂದಿತು. ಅಲ್ಲಿ ಅದು ಸಂಶೋಧನಾ ವಿಮಾನವಾಯಿತು. ಆ ಸಂಶೋಧನಾ ವಿಮಾನದಿಂದ ಚಾಲಕನಿಲ್ಲದ 'ರುಸ್ತುಂ' ಹುಟ್ಟಿತು. ಅದೇ ಹೆಸರಿನ ಮುಂದಿನ ವಿಮಾನ ಚಳ್ಳಕೆರೆಯ ಕಾವಲಿನಿಂದ ಮೇಲೇರಿತು. ಈ ಪಯಣದಲ್ಲಿ ವಿಮಾನದ ಕಣ್ಣು ಆಕಾಶದಲ್ಲಿಯೇ ಉಳಿದು, ನೋಡುವವನು ಮಾತ್ರ ನೆಲಕ್ಕೆ ಇಳಿದನು. ಪರದೆಯ ಮೇಲಿನ ಚಿತ್ರವನ್ನು ನೆಲವೆಂದೇ ಭಾವಿಸುವುದರಲ್ಲಿ ಏನೇನು ಬಿಟ್ಟುಹೋಗುತ್ತದೆ ಎಂಬುದು ಈ ಲೇಖನದ ಮುಖ್ಯ ಪ್ರಶ್ನೆ.

ಮತ್ತೋಡಿನ ಗಾಜು

ಹೊಸದುರ್ಗ ತಾಲ್ಲೂಕಿನ ಮತ್ತೋಡು ಇಂದು ಒಂದು ಸಾಧಾರಣ ಗ್ರಾಮ. ಒಂದು ಕಾಲದಲ್ಲಿ ಇದು ಪಾಳೆಯಗಾರರ ನೆಲೆಯಾಗಿದ್ದುದಲ್ಲದೆ ಗಾಜಿನ ಬಳೆಗಳ ತಯಾರಿಕೆಗೂ ಹೆಸರಾಗಿತ್ತು. ಟಿಪ್ಪು ಸುಲ್ತಾನನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ಆದೇಶದಂತೆ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮತ್ತೋಡಿನ ಈ ಕಸುಬನ್ನು ಕಂಡು ದಾಖಲಿಸಿದನು. ಆತನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮತ್ತೋಡಿನ ಬಳೆಗಾರರ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗ ಹೀಗೆ ದಾರಿಹೋಕನೊಬ್ಬನ ಬರಹವನ್ನೇ ಅವಲಂಬಿಸಿದೆ. ಈ ಸಂಗತಿಗೆ ಲೇಖನದ ಕೊನೆಯಲ್ಲಿ ಮರಳಬೇಕಾಗುತ್ತದೆ.

ಬುಕಾನನ್ ಮೈಸೂರು ಸೀಮೆಗೆ ಬಂದ ಅದೇ 1800ರಲ್ಲಿ ಇಂಗ್ಲೆಂಡಿನಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಒಂದು ಪ್ರಯೋಗವನ್ನು ಕೈಗೊಂಡನು. ಪಟ್ಟಕದ ಮೂಲಕ ಸೂರ್ಯನ ಬೆಳಕನ್ನು ಒಡೆದು, ಒಂದೊಂದು ಬಣ್ಣದ ಮೇಲೂ ಉಷ್ಣಮಾಪಕವನ್ನಿಟ್ಟು ನೋಡಿದಾಗ, ಕೆಂಪಿನ ಆಚೆ ಕಣ್ಣಿಗೆ ಏನೂ ಕಾಣದ ಜಾಗದಲ್ಲಿಯೂ ಬಿಸಿ ಏರಿದ್ದು ಕಂಡುಬಂದಿತು. ಅವಗೆಂಪು ಕಿರಣಗಳ ಇತಿಹಾಸ ಇಲ್ಲಿಂದ ಆರಂಭವಾಗುತ್ತದೆ. ಮತ್ತೋಡಿನ ಕುಲುಮೆಗೂ ಹರ್ಷೆಲ್‌ನ ಪಟ್ಟಕಕ್ಕೂ ನೇರ ಸಂಬಂಧವಿಲ್ಲ. ಆದರೆ ಗಾಜಿನ ಒಂದು ಗುಣ ನಮ್ಮ ವಿಷಯಕ್ಕೆ ಮುಖ್ಯವಾಗಿದೆ. ಮರಳು ಅಥವಾ ಬೆಣಚುಕಲ್ಲಿನ ಸಿಲಿಕವನ್ನು ಕ್ಷಾರದೊಡನೆ ಕರಗಿಸಿ ಪಡೆಯುವ ಗಾಜು ಬೆಳಕನ್ನು ಬಿಡುತ್ತದೆ. ದೀರ್ಘ ತರಂಗದ ಉಷ್ಣಕಿರಣಗಳನ್ನು ಬಿಡುವುದಿಲ್ಲ. ನಮ್ಮ ಸುತ್ತಲಿನ ನೆಲ, ಮರ, ದನ, ಮನುಷ್ಯರು ಸೂಸುವ ಕಿರಣಗಳು ಸುಮಾರು 10 ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ ಅತ್ಯಧಿಕವಾಗಿರುತ್ತವೆ. ಈ ಕಿರಣಗಳಿಗೆ ಕಿಟಕಿಯ ಗಾಜು ಗೋಡೆಯಿದ್ದಂತೆ. ವಿಮಾನದ ಮೇಲ್ಮುಸುಕಿಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ಕಿನ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಥರ್ಮಲ್ ಕ್ಯಾಮೆರಾವನ್ನು ಕಾಕ್‌ಪಿಟ್ಟಿನ ಒಳಗಿಟ್ಟು ಹೊರಗೆ ನೋಡಲಾಗದು. ಅದನ್ನು ಹೊರಮೈಯಲ್ಲಿಯೇ ಇರಿಸಿ, ಜರ್ಮೇನಿಯಂ ಧಾತುವಿನಿಂದ ಮಾಡಿದ ಮಸೂರವನ್ನು ಅಳವಡಿಸಬೇಕಾಗುತ್ತದೆ. 1886ರಲ್ಲಿ ಕ್ಲೆಮೆನ್ಸ್ ವಿಂಕ್ಲರ್ ಪತ್ತೆಹಚ್ಚಿದ ಈ ಧಾತು ಬೆಳಕಿಗೆ ಅಪಾರದರ್ಶಕ, ಉಷ್ಣಕಿರಣಕ್ಕೆ ಪಾರದರ್ಶಕ. ಗಾಜಿನ ಗುಣಕ್ಕೆ ಇದು ತದ್ವಿರುದ್ಧ.

ಮನೆಯಲ್ಲಿ ಕಟ್ಟುವ ವಿಮಾನ

ಕರ್ನಾಟಕದ ವಿಮಾನ ಇತಿಹಾಸವನ್ನು ಸಾಮಾನ್ಯವಾಗಿ ದೊಡ್ಡ ಸಂಸ್ಥೆಗಳ ಮೂಲಕ ಹೇಳಲಾಗುತ್ತದೆ. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರಲ್ಲಿ ಪುಷ್ಪಕ್ ಬಂದಿತು. 1959ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮರುವರ್ಷ ಬೆಂಗಳೂರಿಗೆ ಬಂದು ನೆಲೆಸಿತು. ಇವೆಲ್ಲ ತಿಳಿದ ಸಂಗತಿಗಳೇ. ಇವುಗಳ ಪಕ್ಕದಲ್ಲಿ ಕಡಿಮೆ ಪ್ರಚಾರದ ಇನ್ನೊಂದು ಧಾರೆಯಿದೆ. ಅದು ಚಿಕ್ಕ, ಹಗುರ, ಬಿಡಿಭಾಗಗಳಿಂದ ಜೋಡಿಸಿಕೊಳ್ಳುವ ವಿಮಾನಗಳ ಧಾರೆ.

ಹವ್ಯಾಸಿ ವಿಮಾನ ನಿರ್ಮಾಣಕ್ಕೆ ಸಂಘಟಿತ ರೂಪ ಬಂದದ್ದು 1953ರಲ್ಲಿ, ಪಾಲ್ ಪೊಬೆರೆಜ್ನಿ ಅಮೆರಿಕದಲ್ಲಿ ಪ್ರಾಯೋಗಿಕ ವಿಮಾನಗಳ ಸಂಘವನ್ನು ಕಟ್ಟಿದಾಗ. ವಿಮಾನದ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಕಲಿಕೆಗಾಗಿಯೋ ಮನರಂಜನೆಗಾಗಿಯೋ ಹವ್ಯಾಸಿಗಳೇ ಮಾಡಿದ್ದರೆ ಅದನ್ನು ಪ್ರಾಯೋಗಿಕ ವರ್ಗದಲ್ಲಿ ಹಾರಿಸಬಹುದೆಂಬುದು ಅಲ್ಲಿನ ಕಾನೂನಿನ ತಿರುಳು. ಭಾರತದಲ್ಲಿ ಈ ದಾರಿ ಬಹುಕಾಲ ಇಕ್ಕಟ್ಟಾಗಿಯೇ ಇತ್ತು. ಮುಂಬಯಿಯ ತಮ್ಮ ಮನೆಯ ತಾರಸಿಯ ಮೇಲೆ ಆರು ಆಸನಗಳ ವಿಮಾನವನ್ನು ಕಟ್ಟಿದ ಕ್ಯಾಪ್ಟನ್ ಅಮೋಲ್ ಯಾದವ್ ಅವರಿಗೆ ನೋಂದಣಿ ದೊರೆತದ್ದು 2017ರಲ್ಲಿ, ವರ್ಷಗಟ್ಟಲೆ ಪತ್ರವ್ಯವಹಾರದ ನಂತರ. ಕರ್ನಾಟಕದಲ್ಲಿ ಇದರ ಇನ್ನೊಂದು ಮುಖವನ್ನು ಕಾಣಬಹುದು. ಫ್ರಾನ್ಸ್ ಮೂಲದ ಜೋಯೆಲ್ ಕೋಕ್ಲಾನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ 'ಎಕ್ಸ್-ಏರ್' ವಿಮಾನದ ಕಿಟ್‌ಗಳು ಯುರೋಪು, ಅಮೆರಿಕಗಳ ಹವ್ಯಾಸಿಗಳ ಕೈಸೇರಿದವು. ಬೆಂಗಳೂರಿನಲ್ಲಿ ತಯಾರಾದ ಕೊಳವೆ ಮತ್ತು ಬಟ್ಟೆಯ ವಿಮಾನವನ್ನು ದೂರದೇಶದವರು ತಮ್ಮ ಕೊಟ್ಟಿಗೆಗಳಲ್ಲಿ ಜೋಡಿಸಿದರು.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು ಬರ್ಟ್ ರುಟಾನ್‌ನ 'ಲಾಂಗ್-ಈಝೀ'. 1979ರಲ್ಲಿ ಮೊದಲು ಹಾರಿದ ಈ ಎರಡು ಆಸನದ ವಿಮಾನದ ವಿಶೇಷಗಳು ಮೂರು. ಮೊದಲನೆಯದು, ಅಚ್ಚುಗಳ ಅಗತ್ಯವಿಲ್ಲದ ರಚನೆ. ಬಿಸಿತಂತಿಯಿಂದ ಕತ್ತರಿಸಿದ ಫೋಮಿನ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ರಾಳದಿಂದ ಅಂಟಿಸಿ ರೆಕ್ಕೆಯನ್ನು ರೂಪಿಸಬಹುದಾಗಿತ್ತು. ಎರಡನೆಯದು, ಮೂತಿಯ ಬಳಿ ಇರುವ ಚಿಕ್ಕ ಮುಂರೆಕ್ಕೆ. ವೇಗ ಕುಂದಿದಾಗ ಈ ಮುಂರೆಕ್ಕೆಯೇ ಮೊದಲು ಎತ್ತುವ ಬಲವನ್ನು ಕಳೆದುಕೊಂಡು ಮೂತಿಯನ್ನು ತಗ್ಗಿಸುವುದರಿಂದ ಮುಖ್ಯ ರೆಕ್ಕೆ ಸುರಕ್ಷಿತವಾಗಿರುತ್ತದೆ. ಮೂರನೆಯದು, ಹಿಂಬದಿಯಿಂದ ತಳ್ಳುವ ಎಂಜಿನ್. ಇದರಿಂದ ವಿಮಾನದ ಮೂತಿ ಖಾಲಿಯಾಗಿ ಉಳಿಯುತ್ತದೆ. ಮುಂದೆ ತಿರುಗುವ ಪಂಖವಾಗಲಿ ಎಂಜಿನ್ನಿನ ಬಿಸಿ ಹೊಗೆಯಾಗಲಿ ಇರುವುದಿಲ್ಲ. ಕ್ಯಾಮೆರಾ ಇಡಲು ಇದಕ್ಕಿಂತ ಅನುಕೂಲದ ಜಾಗ ಚಿಕ್ಕ ವಿಮಾನದಲ್ಲಿ ದೊರೆಯುವುದು ಕಷ್ಟ.

1980ರ ದಶಕದಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಪ್ರೊ. ರುಸ್ತುಂ ದಮಾನಿಯಾ ಅವರ ನೇತೃತ್ವದ ತಂಡ ಇದೇ ವಿನ್ಯಾಸವನ್ನು ಆಧರಿಸಿ ಹಗುರ ಮುಂರೆಕ್ಕೆ ಸಂಶೋಧನಾ ವಿಮಾನವನ್ನು ಕಟ್ಟಿ ಹಾರಿಸಿತು. ಲೋಹವನ್ನು ಬಿಟ್ಟು ಸಂಯುಕ್ತ ವಸ್ತುಗಳಿಂದ ಇಡೀ ವಿಮಾನವನ್ನು ಕಟ್ಟುವ ಅನುಭವ ಇದರಿಂದ ದೊರೆಯಿತು. ಈ ಅನುಭವದ ಮುಂದುವರಿಕೆಯಾಗಿ 1993ರ ನವೆಂಬರ್‌ನಲ್ಲಿ 'ಹಂಸ' ಹಾರಿತು. 2021ರ ಸೆಪ್ಟೆಂಬರ್‌ನಲ್ಲಿ ಅದರ ಹೊಸ ಪೀಳಿಗೆಯ ವಿಮಾನ ಸೂಜಿಗಡಿಯಾರಗಳ ಬದಲು ಡಿಜಿಟಲ್ ಪರದೆಗಳ 'ಗ್ಲಾಸ್ ಕಾಕ್‌ಪಿಟ್'ನೊಡನೆ ಮೇಲೇರಿತು. ಹವ್ಯಾಸಿಯ ಕೊಟ್ಟಿಗೆಯಿಂದ ಬಂದ ವಿದ್ಯೆಯೊಂದು ರಾಷ್ಟ್ರೀಯ ಸಂಸ್ಥೆಯ ಬಂಡವಾಳವಾದ ಬಗೆ ಇದು. ನಮ್ಮ ವಿಜ್ಞಾನ ಚರಿತ್ರೆಯಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಬಿಸಿಯನ್ನು ಕಾಣುವ ಕಣ್ಣು

ಹರ್ಷೆಲ್‌ನ ನಂತರ ಉಷ್ಣಕಿರಣವನ್ನು ಅಳೆಯುವ ಸಾಧನಗಳು ಕ್ರಮೇಣ ಸೂಕ್ಷ್ಮಗೊಂಡವು. 1880ರ ಸುಮಾರಿಗೆ ಸ್ಯಾಮ್ಯುಯೆಲ್ ಲ್ಯಾಂಗ್ಲೆ ಬೊಲೊಮೀಟರನ್ನು ರೂಪಿಸಿದನು. ಬಿಸಿ ತಾಕಿದಾಗ ಲೋಹದ ಪಟ್ಟಿಯ ವಿದ್ಯುತ್ ನಿರೋಧ ಬದಲಾಗುವುದೇ ಅದರ ತತ್ವ. ನೂರು ವರ್ಷಗಳ ನಂತರ ಅಮೆರಿಕದ ಹನಿವೆಲ್ ಸಂಸ್ಥೆ ಅದೇ ತತ್ವವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಸಾವಿರಾರು ಸೂಕ್ಷ್ಮ ಬಿಂದುಗಳಾಗಿ ಹರಡಿತು. ಸೇನೆಯ ಗುಟ್ಟಾಗಿದ್ದ ಈ ಸೂಕ್ಷ್ಮ ಬೊಲೊಮೀಟರ್ 1992ರಲ್ಲಿ ಬಹಿರಂಗಗೊಂಡಿತು. ಹಿಂದಿನ ಉಷ್ಣಕ್ಯಾಮೆರಾಗಳಿಗೆ ಅತಿಶೀತಲ ವ್ಯವಸ್ಥೆ ಬೇಕಾಗಿತ್ತು. ಇದಕ್ಕೆ ಅದು ಬೇಡವಾದ್ದರಿಂದ ತೂಕ, ಬೆಲೆ, ವಿದ್ಯುತ್ ಬಳಕೆ ಮೂರೂ ಇಳಿದವು. ಕೆಲವೇ ವಾಟ್ ವಿದ್ಯುತ್ತಿನಲ್ಲಿ ನಡೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಕ್ಯಾಮೆರಾ ಹವ್ಯಾಸಿಯ ವಿಮಾನದವರೆಗೆ ಬರಲು ಸಾಧ್ಯವಾದದ್ದು ಹೀಗೆ.

ದೊಡ್ಡ ವಿಮಾನಗಳಲ್ಲಿ ಈ ವಿದ್ಯೆ ಮೊದಲೇ ಪ್ರವೇಶಿಸಿತ್ತು. ಗಲ್ಫ್‌ಸ್ಟ್ರೀಮ್ ಜೆಟ್‌ಗಳ ವರ್ಧಿತ ದೃಷ್ಟಿ ವ್ಯವಸ್ಥೆಗೆ 2001ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರದ ಮಾನ್ಯತೆ ದೊರೆಯಿತು. ಆ ವ್ಯವಸ್ಥೆಯಲ್ಲಿ ಚಿತ್ರ ಪೈಲಟನ ಕಣ್ಣೆದುರಿನ ಪಾರದರ್ಶಕ ಫಲಕದ ಮೇಲೆ, ಹೊರಗಿನ ದೃಶ್ಯಕ್ಕೆ ಸರಿಯಾಗಿ ಹೊಂದಿಕೊಂಡು ಮೂಡುತ್ತದೆ. ಹಗುರ ವಿಮಾನದಲ್ಲಿ ಹಾಗಲ್ಲ. ಅಲ್ಲಿ ಚಿತ್ರ ಮೂಡುವುದು ಎದುರಿನ ಉಪಕರಣ ಫಲಕದ ಪರದೆಯಲ್ಲಿ. ಪೈಲಟ್ ತಲೆ ತಗ್ಗಿಸಿ ಅದನ್ನು ನೋಡಬೇಕು, ತಲೆ ಎತ್ತಿ ಹೊರಗೆ ನೋಡಬೇಕು. ಈ ಎರಡು ನೋಟಗಳ ನಡುವಿನ ಅಂತರದಲ್ಲಿಯೇ ಅಪಾಯವೂ ಇದೆ.

ಬೆಂಗಳೂರಿನ ರಾಷ್ಟ್ರೀಯ ಅಂತರಿಕ್ಷ ಪ್ರಯೋಗಾಲಯದಲ್ಲಿ—ವೈಮಾನಿಕ ಪ್ರಯೋಗಾಲಯಕ್ಕೆ ನಂತರ ಬಂದ ಹೆಸರು ಇದು—ದೀರ್ಘತರಂಗ ಅವಗೆಂಪು ಕ್ಯಾಮೆರಾದ ಚಿತ್ರವನ್ನೂ ಸಾಮಾನ್ಯ ಕ್ಯಾಮೆರಾದ ಚಿತ್ರವನ್ನೂ ಒಂದಾಗಿ ಬೆಸೆದು ಪೈಲಟನಿಗೆ ತೋರಿಸುವ ವರ್ಧಿತ ದೃಷ್ಟಿ ವ್ಯವಸ್ಥೆಯ ಪ್ರಾಯೋಗಿಕ ಘಟಕವೊಂದು 2010ರ ಸುಮಾರಿನ ವರ್ಷಗಳಲ್ಲಿ ರೂಪುಗೊಂಡಿತು. ಓಡುದಾರಿಯ ಗೋಚರತೆಯನ್ನು ನೆಲದಿಂದಲೇ ಅಳೆಯುವ 'ದೃಷ್ಟಿ' ಎಂಬ ಉಪಕರಣವೂ ಇದೇ ಸಂಸ್ಥೆಯ ಕೊಡುಗೆ. ಮಂಜಿನಲ್ಲಿ ಕಾಣುವುದು ಹೇಗೆಂಬ ಒಂದೇ ಪ್ರಶ್ನೆಗೆ ಆಕಾಶದಿಂದ ಒಂದು, ನೆಲದಿಂದ ಒಂದು ಉತ್ತರವನ್ನು ಒಂದೇ ಪ್ರಯೋಗಾಲಯ ಹುಡುಕಿದ್ದು ಗಮನಾರ್ಹ.

ಜೋಡಣೆಯ ಕ್ರಮ ಮತ್ತು ಚಿತ್ರದ ಮಿತಿ

ಕ್ಯಾಮೆರಾವನ್ನು ಮೂತಿಯಲ್ಲೋ ರೆಕ್ಕೆಯ ಅಡಿಯಲ್ಲೋ ಬಿಗಿದು, ಮುಚ್ಚುಗಟ್ಟಿದ ತಂತಿಯಿಂದ ವಿದ್ಯುತ್ತನ್ನೂ ದೃಶ್ಯ ಸಂಕೇತವನ್ನೂ ಒಯ್ದು, ಪರದೆಯ ವಿಡಿಯೋ ದ್ವಾರಕ್ಕೆ ಕೊಡುವುದು ಕೆಲಸದ ಹೊರರೂಪ. ರೇಡಿಯೋ ತಂತಿಗಳಿಂದ ಇದನ್ನು ದೂರವಿಡಬೇಕು. ವಿಮಾನ ಸಮತಲದಲ್ಲಿರುವಾಗ ಚಿತ್ರದ ದಿಗಂತವೂ ಸಮತಲದಲ್ಲಿರುವಂತೆ ಕ್ಯಾಮೆರಾವನ್ನು ಹೊಂದಿಸಬೇಕು. ಇಷ್ಟು ಕೆಲಸ ಕೈಪಳಗಿದ ಹವ್ಯಾಸಿಗೆ ಕಷ್ಟದ್ದಲ್ಲ. ಪರದೆಯಲ್ಲಿ ಕಾಣುವುದನ್ನು ಸರಿಯಾಗಿ ಓದಲು ಕಲಿಯುವುದೇ ಕಷ್ಟದ ಭಾಗ.

ಮೊದಲನೆಯ ಮಿತಿ ಸೂಕ್ಷ್ಮತೆಯದು. ಅಡ್ಡಕ್ಕೆ 640 ಬಿಂದುಗಳಿರುವ ಕ್ಯಾಮೆರಾ 30 ಡಿಗ್ರಿ ಅಗಲದ ನೋಟವನ್ನು ಹಿಡಿದರೆ, ಒಂದು ಕಿಲೋಮೀಟರ್ ದೂರದಲ್ಲಿ ಒಂದೊಂದು ಬಿಂದುವೂ ಸುಮಾರು 80 ಸೆಂಟಿಮೀಟರನ್ನು ಪ್ರತಿನಿಧಿಸುತ್ತದೆ. ಓಡುದಾರಿಗೆ ಅಡ್ಡ ನಿಂತ ಎರಡು ಮೀಟರ್ ಉದ್ದದ ಹಸು ಆ ದೂರದಲ್ಲಿ ಎರಡೋ ಮೂರೋ ಬಿಂದು ಮಾತ್ರ. ಎರಡನೆಯದು ಕಾಲದ ಮಿತಿ. ಸೆಕೆಂಡಿಗೆ 9 ಚಿತ್ರಗಳಿಗಿಂತ ಹೆಚ್ಚಿನ ವೇಗದ ಥರ್ಮಲ್ ಕ್ಯಾಮೆರಾಗಳ ರಫ್ತಿನ ಮೇಲೆ ಅಮೆರಿಕ ಮೊದಲಾದ ದೇಶಗಳು ಬಿಗಿ ನಿಯಂತ್ರಣವನ್ನಿಟ್ಟಿವೆ. 60 ನಾಟ್ ವೇಗದಲ್ಲಿ ಇಳಿಯುವ ಹಗುರ ವಿಮಾನ ಸೆಕೆಂಡಿಗೆ ಸುಮಾರು 31 ಮೀಟರ್ ಸಾಗುತ್ತದೆ. 9 ಚಿತ್ರಗಳ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮತ್ತೊಂದಕ್ಕೂ ನಡುವೆ ಸುಮಾರು 3.4 ಮೀಟರ್ ಕಳೆದುಹೋಗಿರುತ್ತದೆ. 30 ಚಿತ್ರಗಳ ಕ್ಯಾಮೆರಾದಲ್ಲಿ ಒಂದು ಮೀಟರ್ ಮಾತ್ರ. ರಾಜತಾಂತ್ರಿಕ ನಿರ್ಬಂಧವೊಂದು ಪೈಲಟನ ಕಣ್ಣಿನ ವೇಗವನ್ನು ನಿರ್ಧರಿಸುವ ಪರಿಸ್ಥಿತಿ ಇದು. ದೇಶದಲ್ಲಿಯೇ ಈ ವಿದ್ಯೆಯನ್ನು ಬೆಳೆಸಬೇಕೆಂಬ ಹಟಕ್ಕೆ ಇಂತಹ ನಿರ್ಬಂಧಗಳೂ ಕಾರಣವೆನ್ನಬಹುದು.

ಮೂರನೆಯ ಮಿತಿ ಇನ್ನೂ ಸೂಕ್ಷ್ಮವಾದುದು. ಸೂಕ್ಷ್ಮ ಬೊಲೊಮೀಟರ್ ಕ್ಯಾಮೆರಾ ಆಗಾಗ ತನ್ನೊಳಗಿನ ಮುಚ್ಚಳವನ್ನು ಕ್ಷಣಕಾಲ ಮುಚ್ಚಿ ಬಿಂದುಗಳನ್ನು ಸರಿಹೊಂದಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಪರದೆಯ ಚಿತ್ರ ನಿಂತುಬಿಡುತ್ತದೆ. ಇದನ್ನು ಅರಿಯದ ಪೈಲಟ್ ನಿಂತ ಚಿತ್ರವನ್ನೇ ನಿಜವೆಂದು ನಂಬುವ ಸಂಭವವುಂಟು. ನಾಲ್ಕನೆಯದು ಹವೆಯದು. ಹೊಗೆ ಮತ್ತು ತೆಳುವಾದ ಮಬ್ಬಿನಲ್ಲಿ ಥರ್ಮಲ್ ಕ್ಯಾಮೆರಾ ಕಣ್ಣಿಗಿಂತ ಮುಂದೆ ಕಾಣುತ್ತದೆ. ದಟ್ಟ ಮಂಜಿನ ಹನಿಗಳ ಗಾತ್ರ ಈ ಕಿರಣಗಳ ತರಂಗಾಂತರದ ಸಮೀಪವೇ ಇರುವುದರಿಂದ ಅಲ್ಲಿ ಅದೂ ಸೋಲುತ್ತದೆ. ಬೆಂಗಳೂರಿನ ಚಳಿಗಾಲದ ಮುಂಜಾವಿನ ಮಂಜಿಗೆ ಇದು ಮದ್ದೆಂದು ಭಾವಿಸುವಂತಿಲ್ಲ.

ಐದನೆಯ ಮಿತಿಯನ್ನು ಚಿತ್ರದುರ್ಗದ ಕಲ್ಲುಬಂಡೆಗಳ ನಡುವೆ ಬೆಳೆದವರು ಬೇಗ ಗ್ರಹಿಸಬಲ್ಲರು. ಹಗಲೆಲ್ಲ ಕಾದ ಬಂಡೆ ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುತ್ತದೆ. ಪಕ್ಕದ ಹುಲ್ಲು ಬೇಗ ತಣಿಯುತ್ತದೆ. ಬೆಳಿಗ್ಗೆ ಹುಲ್ಲು ಬೇಗ ಬಿಸಿಯೇರುತ್ತದೆ, ಬಂಡೆ ಹಿಂದುಳಿಯುತ್ತದೆ. ಹೀಗಾಗಿ ದಿನಕ್ಕೆ ಎರಡು ಬಾರಿ, ಉದಯ ಮತ್ತು ಅಸ್ತದ ಆಸುಪಾಸಿನಲ್ಲಿ, ಎರಡರ ಉಷ್ಣತೆಯೂ ಒಂದೇ ಆಗುವ ಗಳಿಗೆ ಬರುತ್ತದೆ. ಆಗ ಬಂಡೆಯೂ ಬಯಲೂ ಓಡುದಾರಿಯೂ ಪರದೆಯಲ್ಲಿ ಒಂದೇ ಬೂದುಬಣ್ಣವಾಗಿ ಕಲಸಿಹೋಗುತ್ತವೆ. ಇದಕ್ಕೆ ಹೊಸ ಕಾಲದ ದೀಪಗಳ ತೊಡಕೊಂದು ಸೇರಿಕೊಂಡಿತು. ಹಳೆಯ ತಂತುದೀಪಗಳು ಬೆಳಕಿನ ಜೊತೆ ಧಾರಾಳವಾಗಿ ಬಿಸಿಯನ್ನೂ ಸೂಸುತ್ತಿದ್ದವು. ಅವುಗಳ ಜಾಗದಲ್ಲಿ ಬಂದ ಎಲ್‌ಇಡಿ ದೀಪಗಳು ಕಣ್ಣಿಗೆ ಪ್ರಖರವಾಗಿದ್ದರೂ ಅವಗೆಂಪು ಕ್ಯಾಮೆರಾಗಳಿಗೆ ಬಹುಮಟ್ಟಿಗೆ ಕಾಣುವುದಿಲ್ಲ.

ಈ ಕಾರಣಗಳಿಂದ ಹಗುರ ವಿಮಾನದ ಪರದೆಯಲ್ಲಿನ ಥರ್ಮಲ್ ಚಿತ್ರ ಪರಿಸರದ ಅರಿವಿಗೆ ನೆರವು ಮಾತ್ರ. ಅದನ್ನು ನಂಬಿ ನಿಯಮಿತ ಎತ್ತರಕ್ಕಿಂತ ಕೆಳಗಿಳಿಯುವ ಹಕ್ಕನ್ನು ಯಾವ ಕಾನೂನೂ ಕೊಡುವುದಿಲ್ಲ. ಕಣ್ಣಳತೆಯ ಹಾರಾಟ ಸಾಮಾನ್ಯವಾಗಿ ಹಗಲಿಗೇ ಸೀಮಿತವಾಗಿರುವ ಭಾರತದಲ್ಲಿ ಈ ಮಾತು ಇನ್ನಷ್ಟು ಸತ್ಯ.

ನೆಲಕ್ಕಿಳಿದ ಕಾಕ್‌ಪಿಟ್

ರುಸ್ತುಂ ದಮಾನಿಯಾ 2001ರಲ್ಲಿ ನಿಧನರಾದರು. ಅವರ ಹಗುರ ಸಂಶೋಧನಾ ವಿಮಾನದ ವಿನ್ಯಾಸವನ್ನು ಆಧರಿಸಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಬೆಂಗಳೂರಿನ ಘಟಕವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸಿದ ಮಾನವರಹಿತ ವಿಮಾನಕ್ಕೆ ಅವರದೇ ಹೆಸರನ್ನಿಡಲಾಯಿತು. ಹವ್ಯಾಸಿ ಕುಳಿತು ಹಾರಿಸುತ್ತಿದ್ದ ಆಸನವಿದ್ದೆಡೆ ಈಗ ಉಪಕರಣಗಳಿದ್ದವು. ಹಗಲು ಕಾಣುವ ಕ್ಯಾಮೆರಾ ಮತ್ತು ಇರುಳು ಕಾಣುವ ಅವಗೆಂಪು ಕ್ಯಾಮೆರಾಗಳನ್ನು ಹೊತ್ತು ಸಾಗುವುದೇ ಈ ವಿಮಾನದ ಉದ್ದೇಶವಾಗಿತ್ತು. ಕಾಕ್‌ಪಿಟ್ಟಿನ ಪರದೆ ವಿಮಾನದಿಂದ ಇಳಿದು ನೆಲದ ನಿಯಂತ್ರಣ ಕೇಂದ್ರಕ್ಕೆ ಬಂದಿತು.

2009ರ ನವೆಂಬರ್‌ನಲ್ಲಿ ಹೊಸೂರಿನ ಬಳಿಯ ತನೇಜಾ ವಿಮಾನನೆಲೆಯಲ್ಲಿ ನಡೆದ ಮೊದಲ ಹಾರಾಟದ ಕೊನೆಯಲ್ಲಿ ರುಸ್ತುಂ-1 ನೆಲಕ್ಕಪ್ಪಳಿಸಿತು. ವಿಮಾನದ ಎತ್ತರದ ಅಂದಾಜು ತಪ್ಪಿ, ನೆಲದಿಂದ ಹೋದ ಆದೇಶದಂತೆ ಎಂಜಿನ್ ಸ್ಥಗಿತಗೊಂಡದ್ದು ಇದಕ್ಕೆ ಕಾರಣವೆಂದು ಸಂಸ್ಥೆ ತಿಳಿಸಿತು. ಥರ್ಮಲ್ ಕ್ಯಾಮೆರಾಕ್ಕೂ ಈ ಘಟನೆಗೂ ಸಂಬಂಧವಿಲ್ಲ. ಆದರೆ ನೋಡುವವನ ದೇಹ ವಿಮಾನದಲ್ಲಿ ಇಲ್ಲದಿದ್ದಾಗ ಎತ್ತರದ ಅರಿವು ಎಷ್ಟು ದುರ್ಬಲವಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಆಸನದಲ್ಲಿ ಕುಳಿತ ಪೈಲಟನಿಗೆ ನೆಲ ಮೇಲೇರಿ ಬರುವುದು ಕಣ್ಣಂಚಿನಲ್ಲಿಯೇ ತಿಳಿಯುತ್ತದೆ. ಪರದೆಗೆ ಕಣ್ಣಂಚಿಲ್ಲ. ಮರುವರ್ಷ, 2010ರ ಅಕ್ಟೋಬರ್‌ನಲ್ಲಿ, ಅದೇ ನೆಲೆಯಿಂದ ವಿಮಾನ ಸುಮಾರು 30 ನಿಮಿಷ ಯಶಸ್ವಿಯಾಗಿ ಹಾರಿತು.

ಇದರ ಮುಂದಿನ ರೂಪವಾದ ರುಸ್ತುಂ-2 ಹೆಸರಿನಲ್ಲಿ ಮಾತ್ರ ಹಳೆಯದರ ವಾರಸು. ಸುಮಾರು 20 ಮೀಟರ್ ರೆಕ್ಕೆಯಗಲದ, ಎರಡು ಎಂಜಿನ್ನುಗಳ ಈ ವಿಮಾನಕ್ಕೆ ನಂತರ 'ತಪಸ್' ಎಂಬ ಹೆಸರು ಬಂದಿತು. ಇದರ ಮೊದಲ ಹಾರಾಟ 2016ರ ನವೆಂಬರ್‌ನಲ್ಲಿ ನಡೆದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಿಂದ. ಈ ವಲಯವನ್ನು 2017ರ ಮೇ 28ರಂದು ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಉದ್ಘಾಟಿಸಿದರು. ಬಾಹ್ಯಾಕಾಶ ಸಂಸ್ಥೆಯ ಮರುಬಳಕೆಯ ಉಡಾವಣಾ ವಾಹನದ ಇಳಿಕೆಯ ಪರೀಕ್ಷೆಗಳು 2023ರ ಏಪ್ರಿಲ್‌ನಲ್ಲಿ, 2024ರ ಮಾರ್ಚ್ ಮತ್ತು ಜೂನ್‌ಗಳಲ್ಲಿ ಇಲ್ಲಿಯೇ ನಡೆದವು.

ಸಾಧನೆಗಳ ಜೊತೆ ಅಪಘಾತಗಳೂ ಜಿಲ್ಲೆಯ ನೆಲದ ಮೇಲೆಯೇ ಸಂಭವಿಸಿದವು. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ ಪರೀಕ್ಷಾ ಹಾರಾಟದಲ್ಲಿದ್ದ ವಿಮಾನಗಳು ಹೊಲಗಳಲ್ಲಿ ಬಿದ್ದವು. ಎರಡೂ ಸಂದರ್ಭಗಳಲ್ಲಿ ಪ್ರಾಣಹಾನಿಯಾಗಲಿಲ್ಲ. ಆದರೆ ಚಾಲಕನಿಲ್ಲದ ವಿಮಾನ ಬಿದ್ದಾಗ ಅಪಾಯಕ್ಕೊಡ್ಡಿಕೊಂಡವರು ಯಾರು ಎಂಬ ಪ್ರಶ್ನೆಯನ್ನು ಈ ಘಟನೆಗಳು ಎತ್ತಿದವು. ಸ್ವತಃ ಕಟ್ಟಿದ ವಿಮಾನದಲ್ಲಿ ಹವ್ಯಾಸಿ ತನ್ನ ಜೀವವನ್ನೇ ಪಣಕ್ಕಿಡುತ್ತಿದ್ದನು. ಇಲ್ಲಿ ಅಪಾಯ ವಿಮಾನದಿಂದ ಇಳಿದು ಹೊಲಕ್ಕೆ ಬಂದಿತು.

ಕಾವಲಿನ ನೆಲ

ಪರೀಕ್ಷಾ ವಲಯ ನಿಂತಿರುವ ಭೂಮಿ ಅಮೃತ ಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ (1673–1704) 'ಬೆಣ್ಣೆ ಚಾವಡಿ'ಯಿಂದ ಬೆಳೆದ ಈ ವ್ಯವಸ್ಥೆಗೆ ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂದು ಹೆಸರಿಟ್ಟನು. ಸೇನೆಯ ಭಾರ ಎಳೆಯುವ ರಾಸುಗಳ ಮೇವಿಗಾಗಿ ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆಬೇರೆ ಕಾವಲುಗಳನ್ನು ಗೊತ್ತುಮಾಡಲಾಗಿತ್ತು. ಸುತ್ತಲಿನ ಹಳ್ಳಿಗಳ ಕುರಿ, ದನಗಳಿಗೂ ಈ ಹುಲ್ಲುಗಾವಲುಗಳೇ ಆಧಾರ. ಚಳ್ಳಕೆರೆಯ ಕಂಬಳಿಯ ಕಸುಬು ನಿಂತದ್ದು ಕುರಿಯ ಮೇಲೆ. ಮ್ಯಾಸಬೇಡರು ದೇವರ ಎತ್ತುಗಳನ್ನು ಕಿಲಾರಿಗಳ ಪಾಲನೆಯಲ್ಲಿ ಬಯಲಿನಲ್ಲಿ ಮೇಯಿಸುವುದು ಈ ಭಾಗದ ಸಂಸ್ಕೃತಿಯ ಅವಿಭಾಜ್ಯ ಅಂಗ.

ಈ ಕಾವಲುಗಳ ಸುಮಾರು 10,000 ಎಕರೆ ಭೂಮಿಯನ್ನು ವಿವಿಧ ಸಂಸ್ಥೆಗಳಿಗೆ ನೀಡಲಾಯಿತು. ಇದರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಬಾಹ್ಯಾಕಾಶ ಸಂಸ್ಥೆಗೆ 573 ಎಕರೆ ಸೇರಿದವು. ಬೇಲಿ ಎದ್ದಾಗ ಮೇಯಿಸುವವರು ಪ್ರತಿಭಟಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಬಂದು, 2014ರ ಆಗಸ್ಟ್‌ನಲ್ಲಿ ಯೋಜನೆಗಳು ಮುಂದುವರಿಯಲು ಅವಕಾಶ ದೊರೆಯಿತು. ದೇಶದ ರಕ್ಷಣೆ ಮತ್ತು ವಿಜ್ಞಾನದ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಮೇಯಿಸುವವರ ಹಕ್ಕು ಯಾವುದೇ ನಕ್ಷೆಯಲ್ಲಿ ಗೆರೆಯಾಗಿ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಥರ್ಮಲ್ ಕ್ಯಾಮೆರಾದ ನೋಟವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಇರುಳಿನಲ್ಲಿ ಕಾವಲಿನ ಮೇಲೆ ಹಾರುವ ಕ್ಯಾಮೆರಾಕ್ಕೆ ಹಸು ಒಂದು ಬಿಸಿಯ ಗುರುತು, ಕುರಿಹಟ್ಟಿ ಹಲವು ಗುರುತುಗಳ ಗುಂಪು, ಕಾಯುವವನು ಮತ್ತೊಂದು ಗುರುತು. ಡಿಗ್ರಿಯ ಇಪ್ಪತ್ತನೇ ಒಂದು ಭಾಗದ ವ್ಯತ್ಯಾಸವನ್ನೂ ಅದು ಹಿಡಿಯಬಲ್ಲದು. ಆ ಹಸು ಅಮೃತ ಮಹಲ್ ತಳಿಯದೋ ದೇವರ ಎತ್ತೋ, ಆ ಮನುಷ್ಯ ಎಷ್ಟು ತಲೆಮಾರಿನಿಂದ ಅಲ್ಲಿ ಮೇಯಿಸುತ್ತಿದ್ದಾನೋ ಎಂಬುದನ್ನು ಅದು ಹೇಳಲಾರದು. ಅದು ಉಪಕರಣದ ದೋಷವಲ್ಲ. ಉಪಕರಣ ಹೇಳಲಾರದ್ದನ್ನು ಹೇಳುವುದು ಇತಿಹಾಸಕಾರನ ಕೆಲಸ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹವ್ಯಾಸಿಯ ವಿಮಾನ, ಸಂಶೋಧನಾ ವಿಮಾನ, ಮಾನವರಹಿತ ವಿಮಾನ ಇವು ಮೂರೂ ಬೇರೆಬೇರೆ ಕಥೆಗಳಲ್ಲ. ಲಾಂಗ್-ಈಝೀಯಿಂದ ರುಸ್ತುಂ-1ರವರೆಗೆ ಒಂದೇ ವಿನ್ಯಾಸದ ಸಾತತ್ಯವಿದೆ. ಥರ್ಮಲ್ ಕ್ಯಾಮೆರಾ ಈ ಸಾತತ್ಯದಲ್ಲಿ ಪೈಲಟನ ಸಹಾಯಕನಾಗಿ ಬಂದು, ಕ್ರಮೇಣ ಹಾರಾಟದ ಉದ್ದೇಶವೇ ಆಯಿತು. ನಿರೀಕ್ಷಿತ ಎತ್ತರ ಮತ್ತು ಹಾರಾಟದ ಅವಧಿಯನ್ನು ತಲುಪದ ಕಾರಣ ತಪಸ್ ಯೋಜನೆಯನ್ನು ಅದರ ಮೂಲರೂಪದಲ್ಲಿ ಕೈಬಿಡಲಾಯಿತೆಂದು 2024ರ ಆರಂಭದಲ್ಲಿ ವರದಿಯಾಯಿತು. ಆ ವಿದ್ಯೆ ಮಾತ್ರ ಬೇರೆ ರೂಪಗಳಲ್ಲಿ ಮುಂದುವರಿಯುವುದರಲ್ಲಿ ಅನುಮಾನವಿಲ್ಲ.

ಮತ್ತೋಡಿನ ಬಳೆಯ ಕುಲುಮೆಗಳು ತಣ್ಣಗಾಗಿ ಕಾಲವಾಯಿತು. ಬುಕಾನನ್ ಆ ದಾರಿಯಲ್ಲಿ ಹೋಗದಿದ್ದರೆ ಅವುಗಳ ಬಗ್ಗೆ ನಾವು ಎಷ್ಟು ಅರಿತಿರುತ್ತಿದ್ದೆವೋ ಹೇಳಲಾಗದು. ಫೋಮಿಗೆ ಗಾಜಿನ ನಾರನ್ನು ಅಂಟಿಸಿದ ಬೆಂಗಳೂರಿನ ಕುಶಲಕರ್ಮಿಗಳ ನೆನಪುಗಳು, ಪರೀಕ್ಷಾ ಹಾರಾಟಗಳ ಟಿಪ್ಪಣಿಗಳು, ಬೇಲಿಯ ಹೊರಗುಳಿದ ಕಿಲಾರಿಗಳ ಮತ್ತು ಕುರಿಗಾಹಿಗಳ ಮಾತುಗಳು, ವಿಮಾನ ಬಿದ್ದ ಹೊಲಗಳ ರೈತರ ಹೇಳಿಕೆಗಳು ಇವೆಲ್ಲವೂ ಇಂದು ಸಂಗ್ರಹಕ್ಕೆ ಲಭ್ಯವಿರುವ ಆಕರಗಳು. ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಗ್ರಾಮವಾರು ಮೌಖಿಕ ದಾಖಲೀಕರಣವನ್ನು ಕೈಗೊಂಡರೆ, ಸಂಬಂಧಿಸಿದ ಸಂಸ್ಥೆಗಳು ಗೋಪ್ಯವಲ್ಲದ ಹಳೆಯ ಕಡತಗಳನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿದರೆ, ಮುಂದಿನ ಸಂಶೋಧಕರು ಇನ್ನೊಬ್ಬ ದಾರಿಹೋಕನ ಟಿಪ್ಪಣಿಗಾಗಿ ಕಾಯಬೇಕಾಗುವುದಿಲ್ಲ. ಬಂಡೆಯ ಬಿಸಿ ಇರುಳು ಕಳೆಯುವುದರೊಳಗೆ ಆರುತ್ತದೆ. ಸಾಕ್ಷಿಗಳು ಇರುವಾಗಲೇ ದಾಖಲಿಸಿಕೊಳ್ಳುವುದು ಅಗತ್ಯ.